ಉದ್ದ ಹೋಸೋ, ಹಳದಿ ಆಕ್ಟೋಪಸ್ಸೋ: ಸ್ಕೂಬಾದ ಎರಡು ಪದ್ಧತಿಗಳು, ಅವುಗಳ ಸುತ್ತ ಬೆಳೆದ ತಪ್ಪು ತಿಳಿವಳಿಕೆ

ಬಳ್ಳಾರಿ, ಕೊಪ್ಪಳ, ರಾಯಚೂರಿನ ಸ್ಕೂಬಾ ಡೈವರ್‌ಗಳಿಗೆ, ಅಂದರೆ ಬೆನ್ನಿನ ಟ್ಯಾಂಕಿನ ಗಾಳಿ ಉಸಿರಾಡುತ್ತ ನೀರಿಗಿಳಿಯುವವರಿಗೆ, ಸಮುದ್ರವೆಂದರೆ ಒಂದು ರಾತ್ರಿಯ ದಾರಿ. ಗದಗ, ಹುಬ್ಬಳ್ಳಿ, ಶಿರಸಿ ದಾಟಿ, ಘಟ್ಟ ಇಳಿದು ಮುರುಡೇಶ್ವರ ಮುಟ್ಟಬೇಕು. ಅಲ್ಲಿಂದ ಬೋಟಿನಲ್ಲಿ ನೇತ್ರಾಣಿ ದ್ವೀಪ. ಮಳೆಗಾಲದಲ್ಲಿ ಅದೂ ಇಲ್ಲ. ವರ್ಷಕ್ಕೆ ನಾಲ್ಕಾರು ದಿನ ಉಪ್ಪುನೀರು ಸಿಕ್ಕರೆ ಪುಣ್ಯ. ಹೀಗಾಗಿ ಯಾವ ಪದ್ಧತಿ ಕಲಿಯಬೇಕು, ಯಾವ ಸಾಮಾನಿಗೆ ದುಡ್ಡು ಹಾಕಬೇಕು ಎಂಬ ಪ್ರಶ್ನೆ ನಮ್ಮ ಕಡೆಯವರಿಗೆ ಕರಾವಳಿಯವರಿಗಿಂತ ಹೆಚ್ಚು ಮುಖ್ಯ. ತಪ್ಪು ಆರಿಸಿದರೆ ತಿದ್ದಿಕೊಳ್ಳಲು ಮುಂದಿನ ಸೀಸನ್ ಕಾಯಬೇಕು.

ಒಂದು ಕಡೆ ಡಿಐಆರ್ (ಡೂಯಿಂಗ್ ಇಟ್ ರೈಟ್) ಎಂದು ಕರೆಯುವ ಕಟ್ಟುನಿಟ್ಟಿನ ಪದ್ಧತಿ. ಅದನ್ನು ಇವತ್ತು ಮುಖ್ಯವಾಗಿ ಕಲಿಸುವುದು ಜಿಯುಇ, ಅಂದರೆ ಗ್ಲೋಬಲ್ ಅಂಡರ್‌ವಾಟರ್ ಎಕ್ಸ್‌ಪ್ಲೋರರ್ಸ್ ಸಂಸ್ಥೆ. ಇನ್ನೊಂದು ಕಡೆ ಪ್ಯಾಡಿ, ಎಸ್‌ಎಸ್‌ಐ ಮುಂತಾದ ತರಬೇತಿ ಸಂಸ್ಥೆಗಳು ಕಲಿಸುವ ಸಾಮಾನ್ಯ ಮನರಂಜನಾ ಪದ್ಧತಿ. ಎರಡರ ಸಾಮಾನನ್ನೂ ಈಜುಕೊಳದಲ್ಲೂ ಸಮುದ್ರದಲ್ಲೂ ಕಟ್ಟಿಕೊಂಡು ನೋಡಿದ ಮೇಲೆ ಬರೆದ ಹೋಲಿಕೆ ಇದು. ಜನ ಜಗಳಾಡುವ ವಿಷಯಗಳಲ್ಲಿ ಮುಕ್ಕಾಲು ಪಾಲು ನಿಜವಾದ ವ್ಯತ್ಯಾಸಗಳೇ ಅಲ್ಲ. ನಿಜವಾದ ವ್ಯತ್ಯಾಸ ಒಂದೆರಡು ಕಡೆ ಇದೆ, ಅದು ಬಟ್ಟೆಯ ಬಣ್ಣಕ್ಕೋ ಬ್ರಾಂಡಿಗೋ ಸಂಬಂಧಿಸಿದ್ದಲ್ಲ.

ಮನಸ್ತಾಪ ಎಲ್ಲಿಂದ ಬಂತು

ಡಿಐಆರ್ ಹುಟ್ಟಿದ್ದು ಅಮೆರಿಕದ ಫ್ಲಾರಿಡಾದ ನೀರೊಳಗಿನ ಗುಹೆಗಳಲ್ಲಿ. ವುಡ್‌ವಿಲ್ ಕಾರ್ಸ್ಟ್ ಪ್ಲೇನ್ ಪ್ರಾಜೆಕ್ಟ್ ಎಂಬ ತಂಡ ವಕುಲ್ಲಾ ಚಿಲುಮೆಯ ಗುಹೆಯನ್ನು ಅಳೆಯಲು ಹೊರಟಿತ್ತು. ಸುಮಾರು 90 ಮೀಟರ್ ಆಳ, ಒಳಗೆ ಕಿಲೋಮೀಟರ್‌ಗಟ್ಟಲೆ ದೂರ, ಮೇಲೆ ಕಲ್ಲಿನ ಚಾವಣಿ. 1998ರಲ್ಲಿ ಆ ತಂಡ ಅಷ್ಟು ಆಳದಲ್ಲಿ ಸುಮಾರು ಐದೂವರೆ ಕಿಲೋಮೀಟರ್ ಒಳಗೆ ಹೋಗಿ ಬಂತು. ಅಂಥ ಜಾಗದಲ್ಲಿ ಒಬ್ಬೊಬ್ಬರ ಹೋಸ್, ಅಂದರೆ ಗಾಳಿಯ ಪೈಪು, ಒಂದೊಂದು ಕಡೆ ಇದ್ದರೆ, ಕತ್ತಲಲ್ಲಿ ಕೈಯಾಡಿಸಿ ಹುಡುಕಬೇಕಾಗುತ್ತದೆ. ಹಾಗಾಗಿ ಎಲ್ಲರ ಮೈಮೇಲೂ ಒಂದೇ ಸಾಮಾನು, ಒಂದೇ ಜಾಗದಲ್ಲಿ. ಬೇಡದ್ದನ್ನೆಲ್ಲ ತೆಗೆದುಹಾಕುವ ಈ ಜೋಡಣೆಗೆ ಬಿಲ್ ಹೋಗಾರ್ತ್ ಮೇನ್ ಎಂಬ ಗುಹಾ ಡೈವರ್‌ನ ಹೆಸರಿನಿಂದ 'ಹೋಗಾರ್ತಿಯನ್' ಎಂಬ ಹೆಸರು ಬಂತು. ಜಾರೊಡ್ ಜಬ್ಲಾನ್‌ಸ್ಕಿ ಅದೇ 1998ರಲ್ಲಿ ಜಿಯುಇ ಸ್ಥಾಪಿಸಿ, ಗುಹೆಯ ಆ ಶಿಸ್ತನ್ನು ಸಾಮಾನ್ಯ ಡೈವರ್‌ಗಳಿಗೂ ಕಲಿಸತೊಡಗಿದರು.

ಹೆಸರೇ ಎಡವಟ್ಟು ಮಾಡಿತು. 'ಡೂಯಿಂಗ್ ಇಟ್ ರೈಟ್', ಸರಿಯಾಗಿ ಮಾಡುವುದು. ಹಾಗಾದರೆ ಉಳಿದವರು ಮಾಡುವುದು ತಪ್ಪೇ ಎಂದು ಯಾರಿಗಾದರೂ ಅನ್ನಿಸುತ್ತದೆ. ಅದರ ಮೇಲೆ, ಆ ತಂಡದ ಮುಂದಾಳಾಗಿದ್ದ ಜಾರ್ಜ್ ಅರ್ವಿನ್ 1990ರ ದಶಕದಲ್ಲಿ ಬೇರೆ ರೀತಿ ಡೈವ್ ಮಾಡುವವರನ್ನು 'ಸ್ಟ್ರೋಕ್' ಎಂದು ಹೀಗಳೆಯುತ್ತಿದ್ದರು. ಆ ಮಾತಿನ ಗಾಯ ಇನ್ನೂ ಮಾಯ್ದಿಲ್ಲ. ಇವತ್ತು ಕಲಿಸುವ ಶಿಕ್ಷಕರ ಬಾಯಲ್ಲಿ ಆ ಪದವನ್ನು ನಾವು ಕೇಳಿಲ್ಲ. ಆದರೆ ಹಳೆಯ ಮಾತು ಕೇಳಿದವರು ಪದ್ಧತಿಯನ್ನೇ ಅಹಂಕಾರ ಎಂದು ಬಗೆದುಬಿಟ್ಟಿದ್ದಾರೆ.

1966ರಲ್ಲಿ ಶುರುವಾದ ಪ್ಯಾಡಿಯ ಪ್ರಶ್ನೆಯೇ ಬೇರೆ. ತೆರೆದ ನೀರು, ತಲೆಯ ಮೇಲೆ ಆಕಾಶ, 18 ಮೀಟರ್ ಆಳದ ಮಿತಿ, ಯಾವ ಕ್ಷಣದಲ್ಲಾದರೂ ನೇರ ಮೇಲೆ ಬರಬಹುದು. ಇಂಥ ಕಡೆ ಸಾಮಾನ್ಯ ಜನ ಕಡಿಮೆ ದಿನದಲ್ಲಿ ಸುರಕ್ಷಿತವಾಗಿ ಇಳಿಯುವುದು ಹೇಗೆ? ನಾಲ್ಕು ಸಮುದ್ರ ಡೈವ್‌ಗಳ ಓಪನ್ ವಾಟರ್ ಕೋರ್ಸು ಅದಕ್ಕೆ ಕೊಟ್ಟ ಉತ್ತರ. ಎರಡೂ ತಮ್ಮ ತಮ್ಮ ಪ್ರಶ್ನೆಗೆ ಒಳ್ಳೆಯ ಉತ್ತರಗಳೇ. ಒಂದರ ಪ್ರಶ್ನೆಗೆ ಇನ್ನೊಂದರ ಉತ್ತರವನ್ನು ಹಿಡಿದು ನೋಡಿದಾಗ ಮಾತ್ರ ತಪ್ಪಾಗಿ ಕಾಣುತ್ತದೆ.

ಗಾಳಿ ಮುಗಿದವನಿಗೆ ಗಾಳಿ ಕೊಡುವುದು

ನಿಜವಾದ ವ್ಯತ್ಯಾಸ ಇರುವುದು ಇಲ್ಲಿ. ಸ್ವಲ್ಪ ನಿಧಾನವಾಗಿ ನೋಡೋಣ.

ಸಾಮಾನ್ಯ ಪದ್ಧತಿಯಲ್ಲಿ ನಿಮ್ಮ ಬಾಯಲ್ಲಿರುವ ರೆಗ್ಯುಲೇಟರ್, ಅಂದರೆ ಟ್ಯಾಂಕಿನ ಗಾಳಿಯನ್ನು ಬಾಯಿಗೆ ಕೊಡುವ ಸಾಧನ, ನಿಮ್ಮದೇ. ಇನ್ನೊಬ್ಬರಿಗೆಂದು ಆಕ್ಟೋಪಸ್ ಎಂಬ ಹಳದಿ ಬಣ್ಣದ ಎರಡನೆಯ ರೆಗ್ಯುಲೇಟರ್ ಇರುತ್ತದೆ. ಅದರ ಹೋಸ್ ಸುಮಾರು 1 ಮೀಟರ್. ಗದ್ದದಿಂದ ಪಕ್ಕೆಲುಬಿನ ಕೆಳತುದಿವರೆಗಿನ ತ್ರಿಕೋನದಲ್ಲಿ ಕಣ್ಣಿಗೆ ಕಾಣುವಂತೆ ಸಿಕ್ಕಿಸಿರಬೇಕು. ಗಾಳಿ ಮುಗಿದವನು ಕುತ್ತಿಗೆಗೆ ಅಡ್ಡ ಕೈ ಆಡಿಸಿ ಸನ್ನೆ ಮಾಡುತ್ತಾನೆ. ಆಕ್ಟೋಪಸ್ ಅವನ ಬಾಯಿಗೆ ಹೋಗುತ್ತದೆ. ಇಬ್ಬರೂ ತೋಳು ಹಿಡಿದು ಮೇಲೆ ಬರುತ್ತಾರೆ. ಅಭ್ಯಾಸ ಇರುವ ಜೋಡಿಗೆ ಇದು ಚೆನ್ನಾಗಿಯೇ ಕೆಲಸ ಮಾಡುತ್ತದೆ.

ಕೆಡುವುದು ಮೂರು ಕಡೆ. ಮೊದಲನೆಯದು, ಸಿಕ್ಕಿಸಿದ ಕ್ಲಿಪ್ ಬೋಟಿನಿಂದ ನೀರಿಗೆ ಹಾರುವಾಗಲೇ ಬಿಟ್ಟುಕೊಂಡು ಆಕ್ಟೋಪಸ್ ಮೊಣಕಾಲಿನ ಹತ್ತಿರ ನೇತಾಡುತ್ತದೆ, ಮರಳಿನಲ್ಲಿ ಎಳೆದಾಡಿ ಒಳಗೆ ಹರಳು ಸೇರುತ್ತದೆ. ಎರಡನೆಯದು, ಆಕ್ಟೋಪಸ್ಸಿನಿಂದ ಯಾರೂ ಉಸಿರಾಡಿ ನೋಡಿರುವುದಿಲ್ಲ. ತಾನಾಗಿ ಗಾಳಿ ಬಿಡದಿರಲಿ ಎಂದು ಅದನ್ನು ಬೇಕೆಂದೇ ಸ್ವಲ್ಪ ಬಿಗಿಯಾಗಿ ಹೊಂದಿಸಿರುತ್ತಾರೆ, ಹೊರಬಿಡುವ ರಬ್ಬರ್ ಕವಾಟ ಮಡಚಿಕೊಂಡಿದ್ದರೆ ಮೊದಲ ಉಸಿರಿನಲ್ಲೇ ಉಪ್ಪುನೀರು ಗಂಟಲಿಗೆ ಬರುತ್ತದೆ. ಮೂರನೆಯದು ಎಲ್ಲಕ್ಕಿಂತ ದೊಡ್ಡದು. ದಿಗಿಲುಬಿದ್ದವನು ಹಳದಿ ಬಣ್ಣ ಹುಡುಕುವುದಿಲ್ಲ. ಗುಳ್ಳೆ ಬರುತ್ತಿರುವ ರೆಗ್ಯುಲೇಟರ್ ಎಲ್ಲಿದೆಯೋ ಅದಕ್ಕೇ ಕೈ ಹಾಕುತ್ತಾನೆ. ಅದು ನಿಮ್ಮ ಬಾಯಲ್ಲಿರುತ್ತದೆ.

ಕಟ್ಟುನಿಟ್ಟಿನ ಪದ್ಧತಿ ಈ ಮೂರನೆಯ ಸಂಗತಿಯನ್ನೇ ಆಧಾರವಾಗಿಟ್ಟುಕೊಂಡಿದೆ. ಹೇಗಿದ್ದರೂ ಬಾಯಲ್ಲಿರುವುದೇ ಹೋಗುತ್ತದೆಂದರೆ, ಅದನ್ನೇ ಕೊಡೋಣ. ಬಾಯಲ್ಲಿರುವ ರೆಗ್ಯುಲೇಟರಿಗೆ 2.1 ಮೀಟರ್ ಉದ್ದದ ಹೋಸ್. ಟ್ಯಾಂಕಿನಿಂದ ನೇರ ಕೆಳಗೆ, ವಿಂಗ್ ಎಂಬ ಬೆನ್ನಿನ ಗಾಳಿಚೀಲದ ಹಿಂದೆ, ಬಲ ಸೊಂಟಕ್ಕೆ. ಉಳಿದ ಉದ್ದದ ಒಂದು ಮಡಿಕೆಯನ್ನು ಸೊಂಟಪಟ್ಟಿಗೆ ಸಿಕ್ಕಿಸಬೇಕು. ಅಲ್ಲಿಂದ ಎದೆಯ ಮೇಲೆ ಅಡ್ಡ ಹಾಯ್ದು ಎಡ ಭುಜಕ್ಕೆ, ಕುತ್ತಿಗೆಯ ಹಿಂದೆ ಒಂದು ಸುತ್ತು, ಬಲಗಡೆಯಿಂದ ಬಾಯಿಗೆ. ನಿಮ್ಮ ಸ್ವಂತದ ಎರಡನೆಯ ರೆಗ್ಯುಲೇಟರ್ ಸುಮಾರು 56 ಸೆಂಟಿಮೀಟರಿನ ಗಿಡ್ಡ ಹೋಸ್‌ನಲ್ಲಿ, ಕೊರಳಿಗೆ ಹಾಕಿದ ರಬ್ಬರ್ ದಾರದಲ್ಲಿ ಗದ್ದದ ಕೆಳಗೇ ಇರುತ್ತದೆ.

ಕೊಡುವ ಕ್ರಮ ಹೀಗೆ. ಎದುರಿನವನ ಸನ್ನೆ ಕಂಡ ಕೂಡಲೇ ಬಲಗೈ ಬಾಯಲ್ಲಿರುವ ರೆಗ್ಯುಲೇಟರನ್ನು ಹಿಡಿಯುತ್ತದೆ. ತಲೆ ತುಸು ಬಾಗಿಸಿದರೆ ಕುತ್ತಿಗೆಯ ಸುತ್ತು ತಾನಾಗಿ ಬಿಡುತ್ತದೆ. ತೋಳು ಪೂರ್ತಿ ಚಾಚಿ, ಅವನ ಬಾಯಿಗೆ ನೇರವಾಗಿ, ತಲೆಕೆಳಗಾಗದಂತೆ ಹಿಡಿಯಬೇಕು. ಅಷ್ಟರಲ್ಲಿ ಎಡಗೈ ಗದ್ದದ ಕೆಳಗಿನದನ್ನು ಬಾಯಿಗೆ ತಂದಿರುತ್ತದೆ. ಅವನು ಎರಡು ಉಸಿರು ತೆಗೆದುಕೊಂಡ ಮೇಲೆ ಸೊಂಟದಲ್ಲಿ ಸಿಕ್ಕಿಸಿದ ಮಡಿಕೆ ಬಿಡಿಸಿ, ಇಬ್ಬರೂ ಸುಧಾರಿಸಿಕೊಳ್ಳಬಹುದು. ಕೊಟ್ಟದ್ದು ಕೆಲಸ ಮಾಡುತ್ತದೆಯೇ ಎಂಬ ಅನುಮಾನವಿಲ್ಲ, ಈಗಷ್ಟೇ ನೀವು ಅದರಿಂದಲೇ ಉಸಿರಾಡುತ್ತಿದ್ದಿರಿ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಜಲಾಶಯದ 19ನೇ ಗೇಟಿನ ಚೈನು ತುಂಡಾಗಿ ಗೇಟು ಕೊಚ್ಚಿಹೋದದ್ದನ್ನು ನಮ್ಮ ಭಾಗದಲ್ಲಿ ಮರೆತವರಿಲ್ಲ. ಅಡ್ಡ ಇಳಿಸುವ ಸ್ಟಾಪ್‌ಲಾಗ್ ತುಂಡುಗಳನ್ನು ಗೇಟು ಹೋದ ಮೇಲೆ ಮಾಡಿಸಬೇಕಾಯಿತು. ಕೂರಿಸುವ ಹೊತ್ತಿಗೆ ವಾರ ಕಳೆಯಿತು, ಅಷ್ಟು ದಿನ ನೀರು ನದಿಗೆ ಹರಿಯಿತು. ಬದಲಿ ವ್ಯವಸ್ಥೆ ಮೊದಲೇ ಕೈಗೆಟಕುವ ಜಾಗದಲ್ಲಿರಬೇಕು ಎಂಬುದು ಕೊರಳ ರಬ್ಬರ್ ದಾರದ ಅರ್ಥವೂ ಹೌದು.

ಹಾಗೆಂದು ಉದ್ದ ಹೋಸ್ ಕೆಡುವುದೇ ಇಲ್ಲವೆಂದಲ್ಲ. ಬೋಟಿನ ಹುಡುಗರು ಸಹಾಯಕ್ಕೆಂದು ಟ್ಯಾಂಕ್ ಹೊರಿಸುವಾಗ ಎಡ ಭುಜದ ಪಟ್ಟಿಯೋ ಗಾಳಿ ತುಂಬುವ ಪೈಪೋ ಉದ್ದ ಹೋಸಿನ ಮೇಲೆ ಕೂತುಬಿಡುತ್ತದೆ. ಆಗ ಕೊಡಲು ಹೋದರೆ ಅರ್ಧ ಮೀಟರೂ ಬರುವುದಿಲ್ಲ. ಮೇಲ್ಮೈಯಲ್ಲಿ ಬಲ ಎದೆಯ ಡಿ-ರಿಂಗ್ ಎಂಬ ಲೋಹದ ಬಳೆಗೆ ಕ್ಲಿಪ್ ಹಾಕಿಟ್ಟದ್ದನ್ನು ಮರೆತರೂ ಅದೇ ಗತಿ. ರಬ್ಬರ್ ದಾರದ ಗಂಟು ಸಡಿಲವಿದ್ದರೆ ಎಳೆದಾಗ ಬಾಯಿಗಿಡುವ ರಬ್ಬರ್ ತುಂಡು ಮಾತ್ರ ದಾರದಲ್ಲಿ ಉಳಿದು ರೆಗ್ಯುಲೇಟರ್ ಕಳಚಿಕೊಳ್ಳುತ್ತದೆ. ಅಲ್ಲಿ ಜಿಪ್ ಟೈ ಬಿಗಿಯಾಗಿರಬೇಕು. ಪರಿಹಾರ ಒಂದೇ: ಪ್ರತಿ ಡೈವಿಗೆ ಮುಂಚೆ, ನೀರಿನ ಮೇಲೆಯೇ, ಹೋಸನ್ನು ಪೂರ್ತಿ ಬಿಚ್ಚಿ ಕೈ ಚಾಚಿ ನೋಡುವುದು. ಅರ್ಧ ನಿಮಿಷದ ಕೆಲಸ. ಇದನ್ನು ಮಾಡದ ಉದ್ದ ಹೋಸಿಗಿಂತ, ಪರೀಕ್ಷಿಸಿದ ಹಳದಿ ಆಕ್ಟೋಪಸ್ ಮೇಲು.

2.1 ಮೀಟರೇ ಏಕೆ? ಕಿರಿದಾದ ಗುಹೆಯಲ್ಲಿ ಇಬ್ಬರು ಒಬ್ಬರ ಹಿಂದೊಬ್ಬರು ಹೊರಬರಲು ಅಷ್ಟು ಬೇಕು. ನೇತ್ರಾಣಿಯ ತೆರೆದ ನೀರಿಗೆ ಬಲ ತೋಳಿನ ಕೆಳಗೆ ಹಾಯಿಸುವ 1.5 ಮೀಟರ್ ಸಾಕು. ಉದ್ದದ ಅಳತೆಗಿಂತ 'ಬಾಯಲ್ಲಿರುವುದನ್ನು ಕೊಡು' ಎಂಬ ನಿಯಮ ಮುಖ್ಯ, ಅದನ್ನು ನಾವು ನಿಸ್ಸಂಶಯವಾಗಿ ಕಟ್ಟುನಿಟ್ಟಿನವರ ಪರ ಹಾಕುತ್ತೇವೆ.

50 ಬಾರ್ ಸಾಕೇ

ಟ್ಯಾಂಕಿನಲ್ಲಿ ಉಳಿದ ಗಾಳಿಯನ್ನು ಅದರ ಒತ್ತಡದಿಂದ, ಬಾರ್ ಎಂಬ ಅಳತೆಯಲ್ಲಿ, ಹೇಳುತ್ತಾರೆ. 'ಬೋಟಿಗೆ 50 ಬಾರ್ ಇರುವಂತೆ ವಾಪಸ್ ಬನ್ನಿ' ಎಂಬುದು ಸಾಮಾನ್ಯ ಪದ್ಧತಿಯ ನಿಯಮ. ಕಟ್ಟುನಿಟ್ಟಿನವರು ಪ್ರತಿ ಆಳಕ್ಕೂ ಲೆಕ್ಕ ಹಾಕುತ್ತಾರೆ. 'ಅವರು ರಜೆಯ ಡೈವಿಗೂ ಗುಹೆಯ ಮೂರನೇ ಒಂದು ಭಾಗದ ನಿಯಮ ಹಾಕುತ್ತಾರೆ' ಎಂಬ ಆಪಾದನೆ ಸುಳ್ಳು. ಮೊದಲು ಇಬ್ಬರನ್ನು ಮೇಲೆ ತರಲು ಬೇಕಾದ ಕನಿಷ್ಠ ಗಾಳಿಯನ್ನು ಬದಿಗಿಡುತ್ತಾರೆ. ಉಳಿದದ್ದನ್ನು ತೆರೆದ ನೀರಿನಲ್ಲಿ ಪೂರ್ತಿ ಬಳಸಬಹುದು. ಹೊರಟ ಜಾಗಕ್ಕೇ ಮರಳಬೇಕಿದ್ದರೆ ಅದರಲ್ಲಿ ಅರ್ಧ ಮುಗಿದಾಗ ತಿರುಗಬೇಕು. ಗುಹೆಯಲ್ಲಿ ಮಾತ್ರ ಮೂರನೇ ಒಂದು ಭಾಗ ಮುಗಿದಾಗಲೇ.

ಲೆಕ್ಕ ಹೀಗೆ: ಗಾಬರಿಯಲ್ಲಿ ಒಬ್ಬರಿಗೆ ಮೇಲ್ಮೈ ಪ್ರಮಾಣದಲ್ಲಿ ನಿಮಿಷಕ್ಕೆ 20 ಲೀಟರ್, ಇಬ್ಬರಿಗೆ 40. ಕೆಳಗೆ ಪರಿಸ್ಥಿತಿ ಸರಿಪಡಿಸಿಕೊಳ್ಳಲು 1 ನಿಮಿಷ, ಮೇಲೇರಲು 3 ಮೀಟರಿಗೆ 1 ನಿಮಿಷ. 18 ಮೀಟರಿನಿಂದಾದರೆ 7 ನಿಮಿಷ, ಸರಾಸರಿ ಒತ್ತಡ 1.9 ಬಾರ್. 40 × 1.9 × 7 = 532 ಲೀಟರ್. ನಮ್ಮ ಬೋಟುಗಳಲ್ಲಿ ಸಿಗುವ 11.1 ಲೀಟರಿನ ಅಲ್ಯೂಮಿನಿಯಂ ಟ್ಯಾಂಕಿನಲ್ಲಿ ಅದು 48 ಬಾರ್, ಅಂದರೆ 50. 30 ಮೀಟರಿನಿಂದಾದರೆ 11 ನಿಮಿಷ, 2.5 ಬಾರ್: 40 × 2.5 × 11 = 1100 ಲೀಟರ್, 100 ಬಾರ್.

ಇದರ ಪಕ್ಕದಲ್ಲಿ ಸಾಮಾನ್ಯ ನಿಯಮವನ್ನಿಡಿ. ನಿಮಿಷಕ್ಕೆ 20 ಲೀಟರ್ ಉಸಿರಾಡುವ ಒಬ್ಬ ಡೈವರ್ 18 ಮೀಟರಿನಿಂದ ನಿಮಿಷಕ್ಕೆ 9 ಮೀಟರಿನಂತೆ ಏರಿ, 5 ಮೀಟರಿನಲ್ಲಿ 3 ನಿಮಿಷ ನಿಂತು ಬರಲು ಸುಮಾರು 15 ಬಾರ್ ಖರ್ಚು. ಬೋಟಿಗೆ 50 ಬಾರ್ ತರಬೇಕೆಂದರೆ ತಳ ಬಿಡುವಾಗ 65 ಇರಬೇಕು. ಕಟ್ಟುನಿಟ್ಟಿನವರ 50ಕ್ಕಿಂತ ಅದು ಹೆಚ್ಚೇ. ಅದೇ 30 ಮೀಟರಿನಿಂದಾದರೆ 23 ಬಾರ್ ಖರ್ಚು, ತಳ ಬಿಡುವುದು 73ಕ್ಕೆ. ಬೇಕಾದದ್ದು 100. ಓಪನ್ ವಾಟರ್ ಮಿತಿಯಾದ 18 ಮೀಟರಿನಲ್ಲಿ ಸಡಿಲ ನಿಯಮವೇ ಹೆಚ್ಚು ಉದಾರ. 30 ಮೀಟರಿನಲ್ಲಿ ಅದು ಇಬ್ಬರಿಗೆ ಸಾಲದು. 'ಪ್ಯಾಡಿಯವರು ಗಾಳಿಯ ಲೆಕ್ಕ ಇಲ್ಲದವರು' ಎನ್ನುವುದೂ, '50 ಬಾರ್ ಎಲ್ಲ ಕಡೆಗೂ ಸಾಕು' ಎನ್ನುವುದೂ ಈ ನಾಲ್ಕು ಅಂಕಿಗಳ ಮುಂದೆ ನಿಲ್ಲುವುದಿಲ್ಲ. ಅಡ್ವಾನ್ಸ್ಡ್ ಕೋರ್ಸ್ ಮುಗಿಸಿ 30 ಮೀಟರಿಗೆ ಇಳಿಯಲು ಶುರು ಮಾಡುವವರು ಈ ಲೆಕ್ಕವನ್ನು ಕಲಿಯಲೇಬೇಕು. ಅದಕ್ಕೆ ಕಪ್ಪು ವಿಂಗ್ ಬೇಕಿಲ್ಲ, ಒಂದು ಪೆನ್ಸಿಲ್ ಸಾಕು.

ಜಾಕೆಟ್ಟೋ, ಉಕ್ಕಿನ ತಟ್ಟೆಯೋ

ಸಾಮಾನ್ಯ ಪದ್ಧತಿಯವರು ತೇಲಲು ಗಾಳಿ ತುಂಬುವ ಜಾಕೆಟ್ ಹಾಕುತ್ತಾರೆ, ಕಟ್ಟುನಿಟ್ಟಿನವರು ಬ್ಯಾಕ್‌ಪ್ಲೇಟ್. ಬ್ಯಾಕ್‌ಪ್ಲೇಟ್ ಎಂದರೆ ಬೆನ್ನಿಗೆ ಕೂರುವ ಲೋಹದ ತಟ್ಟೆ. ಅದರಲ್ಲಿ ಹಾಯಿಸಿದ 5 ಸೆಂಟಿಮೀಟರ್ ಅಗಲದ ಒಂದೇ ಉದ್ದದ ಪಟ್ಟಿ, ಒಂದು ಬಕಲ್, ಐದು ಡಿ-ರಿಂಗ್: ಎದೆಯಲ್ಲಿ ಎರಡು, ಎಡ ಸೊಂಟದಲ್ಲಿ ಒಂದು, ತೊಡೆಸಂದಿಯ ಪಟ್ಟಿಯಲ್ಲಿ ಹಿಂದೊಂದು ಮುಂದೊಂದು. ತಟ್ಟೆಗೂ ಟ್ಯಾಂಕಿಗೂ ನಡುವೆ ಗಾಳಿಚೀಲ, ಅದೇ ವಿಂಗ್. ಒಂದು ಟ್ಯಾಂಕಿಗೆ 14ರಿಂದ 18 ಕೆ.ಜಿ. ಎತ್ತುವ ವಿಂಗ್ ಸಾಕು. ಇದಕ್ಕಿಂತ ದೊಡ್ಡದು ಕೊಂಡರೆ ಖಾಲಿ ಬಟ್ಟೆ ಟ್ಯಾಂಕಿನ ಎರಡೂ ಬದಿ ಮಡಚಿಕೊಂಡು ಗಾಳಿ ಸಿಕ್ಕಿಹಾಕಿಕೊಳ್ಳುತ್ತದೆ.

'ವಿದೇಶದ ಬ್ರಾಂಡೇ ಬೇಕು' ಎಂಬುದು ಇನ್ನೊಂದು ತಪ್ಪು ಕಲ್ಪನೆ. ತೋರಣಗಲ್ಲಿನಲ್ಲಿ ಉಕ್ಕು ಕರಗುವ ಜಿಲ್ಲೆಯಲ್ಲಿ ತಟ್ಟೆ ಕತ್ತರಿಸುವವರಿಗೇನೂ ಬರವಿಲ್ಲ. 3 ಮಿಲಿಮೀಟರ್ ದಪ್ಪದ 316 ದರ್ಜೆಯ ಸ್ಟೇನ್‌ಲೆಸ್ ಹಾಳೆ ಕೇಳಿ. ಸಾಧಾರಣ ಉಕ್ಕು ಒಂದೇ ಸೀಸನ್ನಿಗೆ ತುಕ್ಕು ಹಿಡಿಯುತ್ತದೆ. ನಡುಗೆರೆಯ ಮೇಲೆ ಎರಡು ಬೋಲ್ಟ್ ರಂಧ್ರಗಳ ಮಧ್ಯಬಿಂದುಗಳ ಅಂತರ 11 ಇಂಚು ಇರಬೇಕು. ಬಹುತೇಕ ವಿಂಗ್‌ಗಳ ತೂತುಗಳು ಇದೇ ಅಳತೆಗೆ ಕೂರುತ್ತವೆ. ಎಲ್ಲಕ್ಕಿಂತ ಮುಖ್ಯ ಪಟ್ಟಿ ಹಾಯುವ ಸೀಳುಗಳ ಅಂಚು. ಕತ್ತರಿಸಿದ ಅಂಚನ್ನು ಉಜ್ಜಿ ಗುಂಡಗೆ ಮಾಡದಿದ್ದರೆ ಅದು ಪಟ್ಟಿಯನ್ನು ದಿನದಿನಕ್ಕೆ ಕೊಯ್ಯುತ್ತದೆ. ಬೆರಳಿಗೆ ಹತ್ತಿ ಸುತ್ತಿ ಸೀಳಿನ ಒಳಗೆಲ್ಲ ಆಡಿಸಿ, ಎಳೆ ಸಿಕ್ಕಿದ ಕಡೆ ಮತ್ತೆ ಉಜ್ಜಿ. ತೊಡೆಸಂದಿಯ ಪಟ್ಟಿಗೆ ಒಂದು ಕುಣಿಕೆ ಹೊಲಿಯಬೇಕಾಗುತ್ತದೆ. ಬಳ್ಳಾರಿಯ ಜೀನ್ಸ್ ಹೊಲಿಯುವ ಗಟ್ಟಿ ಯಂತ್ರ ಅದಕ್ಕೆ ತಕ್ಕದ್ದು, ಆದರೆ ನೂಲು ಹತ್ತಿಯದಾಗಬಾರದು, ಪಾಲಿಯೆಸ್ಟರ್ ಇರಲಿ. ಗಾಳಿಚೀಲವನ್ನು ಮಾತ್ರ ಊರಲ್ಲಿ ಮಾಡಿಸಲು ಹೋಗಬೇಡಿ.

ತಟ್ಟೆಯ ಪಟ್ಟಿ ಕಟ್ಟುವಾಗ ನಡೆಯುವ ಸಾಮಾನ್ಯ ತಪ್ಪು, ಭುಜಕ್ಕೆ ತೀರಾ ಬಿಗಿ ಮಾಡುವುದು. ಪಟ್ಟಿಯೊಳಗೆ ಅಂಗೈ ಸಲೀಸಾಗಿ ಹೋಗಬೇಕು. ಇಲ್ಲದಿದ್ದರೆ ಕೈ ಹಿಂದೆ ಹಾಕಿ ಟ್ಯಾಂಕಿನ ವಾಲ್ವ್ ಮುಟ್ಟಲು ಆಗುವುದಿಲ್ಲ, ಬೋಟಿನ ಮೇಲೆ ಬಿಚ್ಚಲೂ ಆಗುವುದಿಲ್ಲ. 'ಪಟ್ಟಿ ಕೊಯ್ಯುತ್ತದೆ, ಹಿಂಸೆ' ಎನ್ನುವವರಲ್ಲಿ ಬಹಳ ಮಂದಿ ಹೀಗೆ ಬಿಗಿದುಕೊಂಡವರೇ.

ಜಾಕೆಟ್ಟಿನ ಪರವಾಗಿಯೂ ನೇರ ಮಾತು ಹೇಳಬೇಕು. ಅದು ಬಾಡಿಗೆಗೆ ಸಿಗುತ್ತದೆ, ಎಲ್ಲ ಅಳತೆಗೂ ಎರಡು ನಿಮಿಷದಲ್ಲಿ ಹೊಂದುತ್ತದೆ, ಮೇಲ್ಮೈಯಲ್ಲಿ ನೆಟ್ಟಗೆ ತೇಲಿಸುತ್ತದೆ. ವರ್ಷಕ್ಕೆ ನಾಲ್ಕು ದಿನ ಡೈವ್ ಮಾಡಿ, ರಾಯಚೂರಿನಿಂದ ಬಸ್ಸಿನಲ್ಲಿ ಹೋಗುವವರು ಉಕ್ಕಿನ ತಟ್ಟೆ ಹೊತ್ತುಕೊಂಡು ಹೋಗಬೇಕೆಂದು ನಾವು ಹೇಳುವುದಿಲ್ಲ.

'ಜಾಕೆಟ್ ಹಾಕಿದವರು ನೀರಲ್ಲಿ ಕುದುರೆಮೀನಿನಂತೆ ನಿಂತೇ ಇರುತ್ತಾರೆ' ಎಂಬ ಮಾತು ಅನ್ಯಾಯ. ನಿಲ್ಲಿಸುವುದು ಜಾಕೆಟ್ ಅಲ್ಲ, ಮುಳುಗಲೆಂದು ಕಟ್ಟುವ ಸೀಸದ ತೂಕ ಹೆಚ್ಚಾಗಿರುವುದು ಮತ್ತು ಅದನ್ನೆಲ್ಲ ಸೊಂಟಕ್ಕೇ ಕಟ್ಟುವುದು. ಆನೆಗೊಂದಿಯ ಹರಿಗೋಲಿನಲ್ಲಿ ಕೂತವರಿಗೆ ಗೊತ್ತು, ಎಷ್ಟು ಭಾರ ಎನ್ನುವಷ್ಟೇ ಭಾರ ಎಲ್ಲಿ ಕೂತಿದೆ ಎನ್ನುವುದೂ ಮುಖ್ಯ. ಜಾಕೆಟ್ಟಿನಲ್ಲೇ ಸೊಂಟದಿಂದ 1 ಕೆ.ಜಿ. ತೆಗೆದು ಟ್ಯಾಂಕಿನ ಮೇಲಿನ ಪಟ್ಟಿಗೆ ಕಟ್ಟಿ, ಟ್ಯಾಂಕನ್ನು ನಾಲ್ಕು ಬೆರಳು ಮೇಲಕ್ಕೆ ಸರಿಸಿ ನೋಡಿ. ಕಾಲು ತಾನಾಗಿ ಮೇಲೇಳುತ್ತದೆ.

ಸೀಸದ ಲೆಕ್ಕ, ಅದರಲ್ಲೂ ನಮ್ಮ ಕಡೆಯವರಿಗೆ

ಬೇಕಾದ್ದಕ್ಕಿಂತ 2 ಕೆ.ಜಿ. ಹೆಚ್ಚು ಕಟ್ಟಿದರೆ ಸಮತೋಲಕ್ಕೆ ಜಾಕೆಟ್ಟಿನಲ್ಲಿ 2 ಲೀಟರ್ ಹೆಚ್ಚುವರಿ ಗಾಳಿ ಬೇಕು. 20 ಮೀಟರಿನಲ್ಲಿದ್ದ ಆ 2 ಲೀಟರ್ 10 ಮೀಟರಿಗೆ ಬರುವಷ್ಟರಲ್ಲಿ 3 ಲೀಟರ್ ಆಗಿ ನಿಮ್ಮನ್ನು 1 ಕೆ.ಜಿ. ಬಲದಿಂದ ಮೇಲೆ ಎಳೆಯುತ್ತದೆ. ಹೊಸಬರು ಬೆಲೂನಿನಂತೆ ಮೇಲೆ ಹಾರುವುದಕ್ಕೆ ಕಾರಣ ಬಹಳ ಸಲ ಇದೇ.

ನಮ್ಮಲ್ಲಿ ಅಭ್ಯಾಸ ಸಿಹಿನೀರಿನ ಕೊಳದಲ್ಲಿ, ಡೈವ್ ಉಪ್ಪುನೀರಿನಲ್ಲಿ. ಸಮುದ್ರದ ನೀರು ಸುಮಾರು 2.5 ಶೇಕಡಾ ಹೆಚ್ಚು ದಟ್ಟ. ಸಾಮಾನು ಸೇರಿ 90 ಕೆ.ಜಿ. ತೂಗುವವರಿಗೆ ಬಳ್ಳಾರಿಯ ಕೊಳದಲ್ಲಿ ಸರಿಹೋದ ಸೀಸಕ್ಕಿಂತ ಮುರುಡೇಶ್ವರದಲ್ಲಿ ಸುಮಾರು 2.25 ಕೆ.ಜಿ. ಹೆಚ್ಚು ಬೇಕು. ಅಲ್ಯೂಮಿನಿಯಂ ಟ್ಯಾಂಕ್ ತುಂಬಿದಾಗ ಮುಳುಗುತ್ತದೆ, ಖಾಲಿಯಾದಾಗ ಸುಮಾರು 2 ಕೆ.ಜಿ. ಬಲದಿಂದ ತೇಲುತ್ತದೆ. ಆದ್ದರಿಂದ ಪರೀಕ್ಷೆ ಯಾವಾಗಲೂ ಡೈವಿನ ಕೊನೆಯಲ್ಲಿ: 50 ಬಾರ್ ಉಳಿದಿರುವಾಗ, 5 ಮೀಟರಿನಲ್ಲಿ, ಗಾಳಿಚೀಲ ಪೂರ್ತಿ ಖಾಲಿ ಮಾಡಿ ತೇಲದೆ ಮುಳುಗದೆ ನಿಲ್ಲಬೇಕು. 3 ಮಿಲಿಮೀಟರ್ ಉಕ್ಕಿನ ತಟ್ಟೆ ಸುಮಾರು 2.7 ಕೆ.ಜಿ. ತೂಗುತ್ತದೆ, ಹಾಕಿದಾಗ ಸೊಂಟದ ಸೀಸವನ್ನು ಸರಿಸುಮಾರು ಅಷ್ಟೇ ಇಳಿಸಬೇಕು. ಇಳಿಸದೆ ಹಾಗೇ ಹೋದವರು 'ಪ್ಲೇಟ್ ಮುಳುಗಿಸುತ್ತದೆ' ಎಂದು ದೂರುತ್ತಾರೆ.

ಸಾಣಾಪುರದ ಕೆರೆಯಲ್ಲೋ ತುಂಗಭದ್ರೆಯಲ್ಲೋ ಅಭ್ಯಾಸ ಮಾಡಬಹುದಲ್ಲ ಎಂದು ಕೇಳುವವರಿದ್ದಾರೆ. ಬೇಡ. ನದಿಯಲ್ಲಿ ಮೊಸಳೆಗಳಿವೆ, ಮಳೆ ಬಂದಾಗ ಕೈ ಚಾಚಿದರೆ ಕೈ ಕಾಣದಷ್ಟು ಕೆಂಪುನೀರು. ಜಲಾಶಯದ ಪೂರ್ಣಮಟ್ಟ 1633 ಅಡಿ, ಸುಮಾರು 498 ಮೀಟರ್. 300 ಮೀಟರಿನ ಮೇಲೆ ಎತ್ತರದ ಡೈವಿಂಗಿನ ನಿಯಮಗಳು ಅನ್ವಯವಾಗುತ್ತವೆ, ಎಷ್ಟು ಆಳದಲ್ಲಿ ಎಷ್ಟು ಹೊತ್ತು ಇರಬಹುದೆಂದು ಹೇಳುವ ಸಮುದ್ರಮಟ್ಟದ ಕೋಷ್ಟಕವನ್ನು ಹಾಗೇ ಬಳಸುವಂತಿಲ್ಲ. ಈಜುಕೊಳವೇ ಸರಿ.

ಕಾಲು, ಕಂಪ್ಯೂಟರ್, ನೈಟ್ರಾಕ್ಸ್

ಕಪ್ಪೆಯಂತೆ ಕಾಲು ಬಡಿಯುವ ಫ್ರಾಗ್ ಕಿಕ್ ತಳದ ಹೂಳು ಎಬ್ಬಿಸುವುದಿಲ್ಲ, ಉಸಿರೂ ಉಳಿಯುತ್ತದೆ. ನೇತ್ರಾಣಿಯಲ್ಲಿ ಸೆಳೆತ ಎದುರಾದಾಗ ಮಾಮೂಲಿ ಬಡಿತವೇ ಬೇಕಾಗುತ್ತದೆ. ಕಟ್ಟುನಿಟ್ಟಿನವರು ಅದನ್ನು ನಿಷೇಧಿಸಿದ್ದಾರೆ ಎಂಬುದು ಗಾಳಿಮಾತು.

'ಕಟ್ಟುನಿಟ್ಟಿನವರು ಡೈವ್ ಕಂಪ್ಯೂಟರ್ ಕಟ್ಟುವುದಿಲ್ಲ' ಎಂಬುದಕ್ಕೆ ಹಳೆಯ ಆಧಾರವಿದೆ. ಆಳ ಮತ್ತು ಸಮಯ ಮಾತ್ರ ತೋರಿಸುವ ಮೀಟರ್ ಕಟ್ಟಿ, ಎಷ್ಟು ಹೊತ್ತು ಕೆಳಗಿರಬಹುದೆಂಬ ಮಿತಿಯನ್ನು ತಲೆಯಲ್ಲಿಟ್ಟುಕೊಳ್ಳುವುದು ರೂಢಿಯಾಗಿತ್ತು. ಈಗ ಕಂಪ್ಯೂಟರ್ ಕಟ್ಟಿಕೊಂಡೇ ಇಳಿಯುತ್ತಾರೆ, ಆದರೆ ಪರದೆ ಆರಿಹೋದರೂ ಮೇಲೆ ಬರುವಷ್ಟು ಲೆಕ್ಕ ತಲೆಯಲ್ಲಿರಬೇಕೆನ್ನುತ್ತಾರೆ. 18 ಮೀಟರಿಗೆ 56 ನಿಮಿಷ, 30 ಮೀಟರಿಗೆ 20 ನಿಮಿಷ ಎಂಬ, ಗಾಳಿ ಉಸಿರಾಡುವ ಡೈವಿಗೆ ಪ್ಯಾಡಿ ಕೋಷ್ಟಕ ಕೊಡುವ ಸಮಯದ ಮಿತಿಗಳನ್ನು ಬಾಯಿಪಾಠ ಮಾಡಿದವರೂ ಅದೇ ಕೆಲಸ ಮಾಡುತ್ತಿದ್ದಾರೆ.

ಗಾಳಿಯ ಬದಲು 32 ಶೇಕಡಾ ಆಮ್ಲಜನಕದ ನೈಟ್ರಾಕ್ಸ್ ಬಳಸಬೇಕೆಂಬ ಅವರ ಒತ್ತಾಯ ಒಳ್ಳೆಯದೇ. ಅದನ್ನು 33 ಮೀಟರಿಗಿಂತ ಕೆಳಗೆ ಒಯ್ಯಬಾರದು. ಆದರೆ 12 ಮೀಟರಿನ ಡೈವಿನಲ್ಲಿ ಮೊದಲು ಮುಗಿಯುವುದು ಟ್ಯಾಂಕ್, ಸಮಯದ ಮಿತಿಯಲ್ಲ. ಅಲ್ಲಿ ನೈಟ್ರಾಕ್ಸಿಗೆ ಹೆಚ್ಚು ಕೊಡುವ ಅಗತ್ಯವಿಲ್ಲ.

ಫೇಲ್ ಮಾಡುವುದು ಅಹಂಕಾರವೇ

ಜಿಯುಇ ಫಂಡಮೆಂಟಲ್ಸ್ ಕೋರ್ಸಿಗೆ ಬರುವವರು 275 ಮೀಟರನ್ನು ನಿಲ್ಲದೆ 14 ನಿಮಿಷದೊಳಗೆ ಈಜಬೇಕು, ಒಂದೇ ಉಸಿರಿನಲ್ಲಿ ನೀರೊಳಗೆ 15 ಮೀಟರ್ ಹೋಗಬೇಕು, ಧೂಮಪಾನಿಗಳಾಗಿರಬಾರದು. ಕೊನೆಗೆ ಪಾಸ್ ಆಗದೆಯೂ ಹೋಗಬಹುದು, ತಿದ್ದಿಕೊಂಡು ಬರಲು ಕಾಲಾವಕಾಶ ಕೊಡುವುದೂ ಉಂಟು. ಪ್ಯಾಡಿ ಓಪನ್ ವಾಟರಿಗೆ 200 ಮೀಟರ್ ಈಜು, ಸಮಯದ ಮಿತಿಯಿಲ್ಲ, ಜೊತೆಗೆ 10 ನಿಮಿಷ ತೇಲುವುದು. ಅಲ್ಲೂ ಪ್ರತಿ ಕೌಶಲವನ್ನು ಮಾಡಿ ತೋರಿಸದೆ ಕಾರ್ಡ್ ಕೊಡಬಾರದೆಂದೇ ನಿಯಮ. 'ದುಡ್ಡು ಕೊಟ್ಟರೆ ಕಾರ್ಡು' ಎಂಬ ಮಾತು ನಿಯಮದ ಬಗ್ಗೆ ಸುಳ್ಳು, ಕೆಲವು ಶಿಕ್ಷಕರ ಆತುರದ ಬಗ್ಗೆ ನಿಜ. ಮಂಡಿಯೂರಿ ಕೂತು ಮಾಸ್ಕ್ ತೆಗೆಸುವ ಶಿಕ್ಷಕರೂ ಇದ್ದಾರೆ, ಮೊದಲ ದಿನದಿಂದಲೇ ತೇಲಿಕೊಂಡು ಮಾಡಿಸುವವರೂ ಇದ್ದಾರೆ. ದುಡ್ಡು ಕಟ್ಟುವ ಮುಂಚೆ ಕೇಳಬೇಕಾದ ಪ್ರಶ್ನೆ ಇದು: ಕೌಶಲಗಳನ್ನು ತಳ ಮುಟ್ಟದೆ ಮಾಡಿಸುತ್ತೀರಾ? ಒಬ್ಬ ಶಿಕ್ಷಕರಿಗೆ ಎಷ್ಟು ವಿದ್ಯಾರ್ಥಿಗಳು?

ತೋರಣಗಲ್ಲಿನ ಪಾಳಿಗೋ ಹಟ್ಟಿಯ ಚಿನ್ನದ ಗಣಿಗೋ ಹೋಗುವ ಮನೆಗಳಲ್ಲಿ ಪರ್ಮಿಟ್ ಇಲ್ಲದೆ ಯಂತ್ರ ಬಿಚ್ಚುವುದಿಲ್ಲ, ಇಳಿದವರ ಲೆಕ್ಕ ಸಿಗುವವರೆಗೆ ಪಾಳಿ ಮುಗಿಯುವುದಿಲ್ಲ ಎಂಬುದನ್ನು ಯಾರೂ ಅಹಂಕಾರ ಎನ್ನುವುದಿಲ್ಲ. ಅದೇ ಶಿಸ್ತು ಸಮುದ್ರದಲ್ಲಿ ಕಂಡಾಗ ಮಾತ್ರ ಅತಿಯಾಯಿತೆನ್ನಿಸುತ್ತದೆ. ಆದರೆ ಈ ಶಿಸ್ತಿಗೆ ಒಂದು ಷರತ್ತಿದೆ: ತಂಡ ಪೂರ್ತಿ ಅದನ್ನೇ ಕಲಿತಿರಬೇಕು. ನಾಲ್ವರಲ್ಲಿ ಒಬ್ಬರು ಮಾತ್ರ ಉದ್ದ ಹೋಸ್ ಹಾಕಿಕೊಂಡು ಬಂದರೆ 'ಒಂದೇ ಜೋಡಣೆ' ಎಂಬ ಲಾಭ ಅಲ್ಲೇ ಮುಗಿಯಿತು. ಮಿಶ್ರ ತಂಡದಲ್ಲಿ ಹಾರುವ ಮುಂಚೆ ಬೋಟಿನ ಮೇಲೆಯೇ ಒಬ್ಬರಿಗೊಬ್ಬರು ತೋರಿಸಬೇಕು: ಗಾಳಿ ಬೇಕಾದಾಗ ನನ್ನ ಬಾಯಿಂದ ಬರುತ್ತದೆ, ನಿನ್ನದು ಈ ಹಳದಿಯದು, ತಳ ಬಿಡುವುದು ಇಷ್ಟು ಬಾರಿಗೆ, ಕಳೆದುಹೋದರೆ 1 ನಿಮಿಷ ಹುಡುಕಿ ಮೇಲೆ. ಆಮೇಲೆ ಎರಡೂ ರೆಗ್ಯುಲೇಟರಿನಿಂದ, ಮಾಪಕ ನೋಡುತ್ತಾ, ನಾಲ್ಕು ನಾಲ್ಕು ಉಸಿರು. ಮುಳ್ಳು ಅಲ್ಲಾಡಿದರೆ ವಾಲ್ವ್ ಪೂರ್ತಿ ತೆರೆದಿಲ್ಲ.

ಊರಿಗೆ ಮರಳುವ ದಾರಿ

ಇಲ್ಲಿ ಎರಡೂ ಪದ್ಧತಿಗಳ ನಡುವೆ ಜಗಳವಿಲ್ಲ, ಆದರೂ ನಮ್ಮ ಕಡೆಯವರು ಎಡವುವುದು ಇಲ್ಲೇ. ಡೈವ್ ಆದ ಕೂಡಲೇ ವಿಮಾನ ಹತ್ತಬಾರದೆಂದು ಎಲ್ಲರಿಗೂ ಗೊತ್ತು, ಮೈಯಲ್ಲಿ ಕರಗಿದ ಸಾರಜನಕ ಎತ್ತರದ ಕಡಿಮೆ ಒತ್ತಡದಲ್ಲಿ ಗುಳ್ಳೆಯಾಗಬಹುದು. ಡೈವರ್‌ಗಳ ಸುರಕ್ಷತೆಗಾಗಿ ಇರುವ ಡೈವರ್ಸ್ ಅಲರ್ಟ್ ನೆಟ್‌ವರ್ಕ್ ಸಂಸ್ಥೆಯ ಸಲಹೆ ಸುಮಾರು 600 ಮೀಟರಿನಿಂದ ಮೇಲಿನ ಎತ್ತರಕ್ಕೆ ಅನ್ವಯಿಸುತ್ತದೆ: ಒಂದೇ ಡೈವ್ ಆಗಿದ್ದರೆ 12 ಗಂಟೆ, ಒಂದಕ್ಕಿಂತ ಹೆಚ್ಚು ಡೈವ್ ಅಥವಾ ಹಲವು ದಿನ ಆಗಿದ್ದರೆ 18 ಗಂಟೆ ಕಾಯಬೇಕು. ಶಿರಸಿ ಸುಮಾರು 590 ಮೀಟರ್, ಹುಬ್ಬಳ್ಳಿ 600 ದಾಟುತ್ತದೆ. ಮಧ್ಯಾಹ್ನ ಬೋಟಿನಿಂದ ಇಳಿದು, ಊಟ ಮಾಡಿ, ಸಂಜೆಯೇ ಕಾರಿನಲ್ಲಿ ಘಟ್ಟ ಹತ್ತಿದರೆ ರಾತ್ರಿಯೊಳಗೆ ಆ ಎತ್ತರಕ್ಕೆ ಬಂದಿರುತ್ತೀರಿ, ನೆಲದ ಮೇಲೇ ಇದ್ದರೂ. ಎರಡು ದಿನ ಡೈವ್ ಮಾಡುವವರು ಕೊನೆಯದನ್ನು ಶನಿವಾರ ಮಧ್ಯಾಹ್ನ 1 ಗಂಟೆಯೊಳಗೆ ಮುಗಿಸಿ, ರಾತ್ರಿ ಮುರುಡೇಶ್ವರದಲ್ಲೇ ಉಳಿದು, ಹೋಸುಗಳನ್ನು ಸಿಹಿನೀರಿನಲ್ಲಿ ತೊಳೆದು ನೆರಳಿನಲ್ಲಿ ಒಣಹಾಕಿ, ಭಾನುವಾರ ಬೆಳಿಗ್ಗೆ 7ರ ಮೇಲೆ ಘಟ್ಟ ಹತ್ತಲಿ. ಸಂಜೆಗೆ ಕೊಪ್ಪಳ.